ಎರಡು ವಯಸ್ಸಿನ ಓಟಗಾರ

ನಮ್ಮನೆಯವರು ಹೋದ ಮೇಲೆ ನೋಡಲು ಬಂದವರೆಲ್ಲ ಕೇಳುವುದು ಒಂದೇ. ವಯಸ್ಸೆಷ್ಟಾಗಿತ್ತು? ಅದಕ್ಕೆ ಒಂದು ಮಾತಿನಲ್ಲಿ ಉತ್ತರ ಇಲ್ಲ. ಹೇಳಬೇಕು ಅಂದರೆ ಪೂರ್ತಿ ಹೇಳಬೇಕು. ಬಂದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಬರೆದಿದ್ದೇನೆ.

ಅವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಲಿಫ್ಟ್ ಕೆಟ್ಟಿದೆ ಬನ್ನಿ ಅಂತ ಫೋನು ಬಂದರೆ ಮೆಟ್ಟಿಲು ಹತ್ತಿಯೇ ಮೇಲೆ ಹೋಗಬೇಕು. ಮೋಟಾರಿನ ಕೋಣೆ ಇರುವುದು ಎಲ್ಲಕ್ಕಿಂತ ಮೇಲೆ, ನೀರಿನ ಟ್ಯಾಂಕಿನ ಪಕ್ಕದಲ್ಲಿ. ಹೆಗಲಲ್ಲಿ ಸಾಮಾನಿನ ಚೀಲ, ಕೈಯಲ್ಲಿ ಗ್ರೀಸ್ ಡಬ್ಬಿ. ಊರಿಗೆಲ್ಲ ಲಿಫ್ಟ್ ಓಡಿಸಿಕೊಟ್ಟೆ, ನಾನು ಮಾತ್ರ ಜೀವಮಾನವೆಲ್ಲ ಮೆಟ್ಟಿಲು ಹತ್ತಿದೆ ಅಂತ ಅವರೇ ಹೇಳಿಕೊಂಡು ನಗುತ್ತಿದ್ದರು.

ಆ ಕೆಲಸಕ್ಕೆ ಸೇರುವಾಗಲೇ ಎಡವಟ್ಟಾಗಿದ್ದು. ಕಂಪನಿಯಲ್ಲಿ ಕೆಲಸ ಕಲಿಯಲು ಹುಡುಗರನ್ನು ತೆಗೆದುಕೊಳ್ಳುತ್ತಿದ್ದರು. ಹದಿನೆಂಟು ದಾಟಿರಬಾರದು. ಇವರಿಗೆ ಇಪ್ಪತ್ತೊಂದು. ನಮ್ಮ ಮಾವ ಯಾರ್ಯಾರ ಕೈಕಾಲು ಹಿಡಿದು, ಮಗನ ಹುಟ್ಟಿದ ತಾರೀಖನ್ನು ನಾಲ್ಕು ವರ್ಷ ಈಚೆಗೆ ಎಳೆಸಿಕೊಂಡು ಬಂದರು. ಆಗ ಅದೇನು ದೊಡ್ಡ ವಿಷಯ ಆಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಮಾಡಿಸುತ್ತಿದ್ದರು. ಕೆಲಸವೂ ಸಿಕ್ಕಿತು, ನಾಲ್ಕು ವರ್ಷ ಹೆಚ್ಚಿಗೆ ಸಂಬಳವೂ ಸಿಗುತ್ತೆ ಅಂತ ಮಾವ ಸಾಯುವ ತನಕ ಹೆಮ್ಮೆಯಿಂದ ಹೇಳುತ್ತಿದ್ದರು. ತಾನು ಮಗನಿಗೆ ಮಾಡಿದ ದೊಡ್ಡ ಉಪಕಾರ ಅದು ಅಂತ ಅವರ ಲೆಕ್ಕ.

ನನ್ನ ಮೈದುನ ಇವರಿಗಿಂತ ಎರಡು ವರ್ಷ ಚಿಕ್ಕವನು. ಬ್ರೆಡ್ ಫ್ಯಾಕ್ಟರಿಯ ವ್ಯಾನ್ ಓಡಿಸುತ್ತಿದ್ದ. ಅಲ್ಲಿ ವಯಸ್ಸು ಯಾರೂ ಕೇಳಲಿಲ್ಲ, ಅವನ ತಾರೀಖು ಇದ್ದ ಹಾಗೇ ಉಳಿಯಿತು. ಹೀಗಾಗಿ ಮನೆಯಲ್ಲಿ ಇವರು ಅಣ್ಣ, ಅವನು ತಮ್ಮ. ಗುರುತಿನ ಕಾರ್ಡು ತೆಗೆದರೆ ಅವನು ಅಣ್ಣ, ಇವರು ತಮ್ಮ. ಇವರು ಏನಾದರೂ ಗದರಿದರೆ ಮೈದುನ, ಕಾರ್ಡ್ ತೆಗೀಲಾ, ನಾನೇ ದೊಡ್ಡೋನು, ಅನ್ನುತ್ತಿದ್ದ. ತೆಗಿ, ಹಾಗೇ ಕೆನ್ನೆನೂ ಈ ಕಡೆ ಕೊಡು, ಅನ್ನುತ್ತಿದ್ದರು ಇವರು. ಮದುವೆಯಾಗಿ ಬಂದ ವಾರದಿಂದ ಈ ಮಾತು ಕೇಳಿದ್ದೇನೆ. ಅವನು ಒಂದು ದಿನವೂ ಕಾರ್ಡು ತೆಗೆಯಲಿಲ್ಲ. ಇವರೂ ಒಂದು ದಿನವೂ ಹೊಡೆಯಲಿಲ್ಲ.

ಓಟ ಶುರುವಾಗಿದ್ದು ತಡವಾಗಿ. ಆಗ ಇವರು ದುಂಡಗಿದ್ದರು. ಕಾರ್ಡಿನ ಫೋಟೋ ಆಗ ತೆಗೆಸಿದ್ದು, ಗದ್ದದ ಕೆಳಗೆ ಇನ್ನೊಂದು ಗದ್ದ. ಒಂದು ದೊಡ್ಡ ಕಟ್ಟಡದ ಲಿಫ್ಟ್ ನೋಡಿಕೊಳ್ಳಲು ಹಾಕಿದರು. ಅದರ ಎದುರಿಗೆ ಪಾರ್ಕು. ಬೆಳಗ್ಗೆ ಅಲ್ಲಿ ಜನ ಗುಂಪು ಕಟ್ಟಿಕೊಂಡು ಓಡುತ್ತಿದ್ದರು. ಲಿಫ್ಟಿನ ಬಾಗಿಲು ಎಷ್ಟು ಸೆಕೆಂಡಿಗೆ ಮುಚ್ಚುತ್ತೆ ಅಂತ ನೋಡಲು ಇವರ ಹತ್ತಿರ ಒಂದು ಸ್ಟಾಪ್‌ವಾಚ್ ಇತ್ತು. ಅದನ್ನು ಇಟ್ಟುಕೊಂಡು ಮೇಲಿನ ಕಿಟಕಿಯಿಂದ ಅವರ ಓಟದ ಹೊತ್ತು ಹಿಡಿದರಂತೆ. ಇಷ್ಟೇನಾ ಅನ್ನಿಸಿತಂತೆ. ಮಾರನೇ ದಿನ ಕೆಲಸದ ಬೂಟಿನಲ್ಲೇ ಅವರ ಹಿಂದೆ ಓಡಿದರು. ಒಬ್ಬರನ್ನು ಹಿಂದೆ ಹಾಕಿದರು. ಮನೆಗೆ ಬಂದು ಅದನ್ನೇ ಹೇಳಿದರು. ಗಾಳಿ ಚೆನ್ನಾಗಿತ್ತು, ಮೈ ಹಗುರಾಯಿತು, ಇಂಥದ್ದೆಲ್ಲ ಇಲ್ಲ. ಒಬ್ಬನನ್ನ ಹಿಂದೆ ಹಾಕಿದೆ, ಅಷ್ಟೇ.

ಆಮೇಲೆ ಯಾರೇ, ಆರೋಗ್ಯಕ್ಕೆ ಓಡ್ತೀರಾ, ಅಂದರೂ ಇವರಿಗೆ ಸಿಟ್ಟು ಬರುತ್ತಿತ್ತು. ಆರೋಗ್ಯಕ್ಕಾದರೆ ನಡೆದರೆ ಸಾಕು, ಓಡುವುದು ಗೆಲ್ಲುವುದಕ್ಕೆ. ಓಟ ಮುಗಿಸಿದವರಿಗೆಲ್ಲ ಒಂದೊಂದು ಮೆಡಲ್ ಕೊಡುತ್ತಾರೆ. ಅದನ್ನು ತಂದು ಮೂಲೆಗೆ ಎಸೆಯುತ್ತಿದ್ದರು. ಎಲ್ಲರಿಗೂ ಕೊಟ್ಟರೆ ಅದು ಮೆಡಲ್ಲಾ, ಬಸ್ ಟಿಕೆಟ್ಟಾ ಅನ್ನುತ್ತಿದ್ದರು. ನಾನು ಒಂದನ್ನು ಅಡುಗೆಮನೆ ಕಿಟಕಿಗೆ ಕಟ್ಟಿದೆ, ಗಾಳಿಗೆ ಪಟಪಟ ಹೊಡೆದುಕೊಳ್ಳಬಾರದು ಅಂತ. ಇನ್ನೊಂದು ಬಾಗಿಲ ಕೆಳಗೆ. ಭಾರವಾಗಿರುತ್ತವೆ, ಉಪಯೋಗಕ್ಕೆ ಬರುತ್ತವೆ.

ಮೈದುನ ಜೊತೆಗಿರಲಿ ಅಂತ ಓಡಲು ಬಂದವನು. ಬ್ರೆಡ್ ವ್ಯಾನಿನವನಿಗೆ ಹೇಗೂ ನಸುಕಿಗೇ ಎದ್ದು ಅಭ್ಯಾಸ. ಅಣ್ಣನ ಹಿಂದೆ ಓಡುತ್ತಿದ್ದ. ಯಾವಾಗಲೂ ಹಿಂದೆಯೇ. ಇವರಿಗಿಂತ ಮುಂದೆ ಅವನು ಒಂದು ಸಲವೂ ಗೆರೆ ಮುಟ್ಟಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಊರಿನಲ್ಲಿ ವರ್ಷಕ್ಕೊಂದು ಸಲ ಹಾಫ್ ಮ್ಯಾರಥಾನ್. ಇಪ್ಪತ್ತೊಂದು ಕಿಲೋಮೀಟರ್. ದೊಡ್ಡ ರಸ್ತೆಗಳನ್ನೆಲ್ಲ ಮುಚ್ಚುತ್ತಾರೆ, ಸೇತುವೆಯ ಮೇಲೆ ಓಡಿಸುತ್ತಾರೆ, ಎಲ್ಲೆಲ್ಲಿಂದಲೋ ಬರುತ್ತಾರೆ. ಮೊದಲು ಬರುವವರು ಎಳೆಯರು, ಅವರ ಮಾತು ಬೇರೆ. ವಯಸ್ಸಾದವರಿಗೆ ವಯಸ್ಸಿನ ಪ್ರಕಾರ ಬೇರೆ ಬೇರೆ ಬಹುಮಾನ. ಐವತ್ತರ ಮೇಲಿನವರಿಗೆ ಒಂದು, ಅರವತ್ತರ ಮೇಲಿನವರಿಗೆ ಒಂದು. ಎದೆಯ ಮೇಲೆ ಹಾಕಿಕೊಳ್ಳುವ ನಂಬರಿನಲ್ಲಿ ಒಂದು ಬಣ್ಣದ ಪಟ್ಟಿ ಇರುತ್ತದೆ. ಐವತ್ತರವರಿಗೆ ಹಳದಿ, ಅರವತ್ತರವರಿಗೆ ಹಸಿರು. ಯಾರು ಯಾರ ಜೊತೆ ಸ್ಪರ್ಧೆ ಅಂತ ಓಡುವಾಗಲೇ ಗೊತ್ತಾಗಲಿ ಅಂತ.

ಇವರಿಗೆ ನಿಜವಾಗಿ ಅರವತ್ತಾದಾಗ ಕಾರ್ಡಿನಲ್ಲಿ ಐವತ್ತಾರು. ಹಳದಿ ಪಟ್ಟಿಯೇ ಬಂತು. ಆಗ ತಾನೇ ಐವತ್ತು ತುಂಬಿದವರ ಜೊತೆ ಓಡಬೇಕು. ಐದನೆಯವರಾಗಿ ಬಂದರು. ಮುಂದಿನ ವರ್ಷ ಆರನೆಯವರು. ಅರವತ್ತರವರ ಬಹುಮಾನ ತೆಗೆದುಕೊಂಡವನು ಇವರು ಬಂದು, ನೀರು ಕುಡಿದು, ಬೂಟು ಬಿಚ್ಚಿ ಕೂತ ಮೇಲೆ ಬಂದಿದ್ದ.

ತಾರೀಖು ತಿದ್ದಿಸಿ ಅಂತ ನಾನೇ ಹೇಳಿದೆ. ಆಗುವ ಹಾಗಿರಲಿಲ್ಲ. ನಿಜವಾದ ತಾರೀಖು ಹೊರಗೆ ಬಂದರೆ ಕಂಪನಿಯವರು ಬಿಡುತ್ತಾರಾ? ಹುಡುಗನಾಗಿದ್ದಾಗ ಸುಳ್ಳು ಹೇಳಿ ಸೇರಿದೆ ಅಂತ ಹಿಡಿದುಕೊಳ್ಳುತ್ತಾರೆ. ಅನ್ನ ಕೊಟ್ಟ ಸುಳ್ಳು ಅದು. ಅದನ್ನು ಮುಟ್ಟುವ ಹಾಗಿಲ್ಲ. ಕಾಯಬೇಕು ಅಷ್ಟೇ. ಕಾರ್ಡಿಗೆ ಅರವತ್ತಾಗುವ ತನಕ ಕಾಯಬೇಕು.

ಊರಿನವರೆಲ್ಲ ವಯಸ್ಸು ಕಡಿಮೆ ಹೇಳಿಕೊಂಡು ಕೂದಲಿಗೆ ಬಣ್ಣ ಹಚ್ಚುತ್ತಿದ್ದರೆ ನಮ್ಮನೆಯವರು ಮುದುಕನಾಗುವುದಕ್ಕೆ ಕಾಯುತ್ತಿದ್ದರು. ಯಾರಾದರೂ ಕೇಳಿದರೆ ಸಾಕು, ನಿಜವಾದ ವಯಸ್ಸು ಹೇಳಿಬಿಡುವರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೂ ಹೇಳುವರು. ಹಾಲಿನವನಿಗೂ. ಅರವತ್ತೊಂದು ನನಗೆ, ಕಾರ್ಡ್ ನಂಬಬೇಡಿ. ಅದು ಬಾಯಿಗೆ ಅಭ್ಯಾಸ ಆಗಿಹೋಯಿತು.

ಅಷ್ಟರಲ್ಲಿ ಮೈದುನನಿಗೆ ಅರವತ್ತಾಯಿತು. ನಿಜಕ್ಕೂ ಆಯಿತು, ಕಾರ್ಡಿನಲ್ಲೂ ಆಯಿತು. ಹಸಿರು ಪಟ್ಟಿ ಹಾಕಿಕೊಂಡು ಓಡಿದ. ಇವರು ಹಳದಿ ಪಟ್ಟಿಯಲ್ಲಿ ಅವನಿಗಿಂತ ಬಹಳ ಮುಂದೆ ಬಂದು ಏಳನೆಯವರಾದರು. ಅವನು ಹಿಂದೆ ಬಂದು ಮೊದಲನೆಯವನಾದ. ಅವನ ಕೈಗೆ ಕಪ್ ಕೊಟ್ಟರು. ಇಷ್ಟು ಎತ್ತರ, ಎರಡು ಕಿವಿ, ಕೆಳಗೆ ಕಪ್ಪು ಮರದ ಪೀಠ.

ನನ್ನ ವಾರಗಿತ್ತಿ ಅದನ್ನು ಟಿವಿ ಮೇಲೆ ಇಟ್ಟಳು. ಅವಳು ಕೆಟ್ಟವಳಲ್ಲ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಅಕ್ಕಾ, ಭಾವ ಇನ್ನೂ ಹುಡುಗರು, ಅವರಿಗೇನು ಅವಸರ, ನಮ್ಮನೇದು ಮುದುಕ, ಅದಕ್ಕೇ ಕೊಟ್ಟರು, ಅಂದಳು. ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಗೆ ಬಂದು ಊಟ ಬೇಡ ಅಂದರು.

ಮುಂದಿನ ವರ್ಷವೂ ಹಾಗೇ ಆಯಿತು. ಟಿವಿ ಮೇಲೆ ಎರಡು ಕಪ್ ಆದವು.

ಆಮೇಲಿನ ದಿನಗಳು ನನಗೇ ಕಷ್ಟ. ಇವರ ಸಿಟ್ಟು ತಮ್ಮನ ಮೇಲಲ್ಲ. ಸತ್ತುಹೋದ ಅಪ್ಪನ ಮೇಲೆ. ಬೈಯುವ ಹಾಗೂ ಇಲ್ಲ, ಆ ತಾರೀಖಿನಿಂದಲೇ ಇಷ್ಟು ವರ್ಷ ಸಂಸಾರ ನಡೆದಿದ್ದು. ಬೂಟು ಎತ್ತಿ ಒದರುವುದರಲ್ಲೇ ಸಿಟ್ಟೆಲ್ಲ ತೋರಿಸುತ್ತಿದ್ದರು. ಇನ್ನೊಂದು ಭಯ ಇತ್ತು. ಎಡಗಾಲಿನ ಮಂಡಿ ನೋಯುತ್ತಿತ್ತು. ಮಂಡಿ ಕಾರ್ಡ್ ನೋಡಲ್ವಲ್ಲೇ, ಅದಕ್ಕೆ ಸರಿಯಾಗಿ ಗೊತ್ತು ನನಗೆ ಎಷ್ಟು ಅಂತ, ಅನ್ನುತ್ತಿದ್ದರು. ಕಾರ್ಡಿಗೆ ಅರವತ್ತಾಗುವುದರೊಳಗೆ ಮಂಡಿ ಕೈಕೊಟ್ಟರೆ ಎಲ್ಲ ಮುಗಿಯಿತು. ಬಿಸಿನೀರಿನ ಚೀಲ ಇಟ್ಟುಕೊಂಡು ಕೂತು ಹಸಿರು ಪಟ್ಟಿಯ ಮಾತೇ ಆಡುತ್ತಿದ್ದರು. ಒಂದೇ ಒಂದು ಸಲ ಆ ಪಟ್ಟಿ ಹಾಕಿಕೊಂಡು ಮೊದಲು ಬರಬೇಕು. ಆಮೇಲೆ ಮಂಡಿ ಮುರಿದರೂ ಪರವಾಗಿಲ್ಲ.

ಕೊನೆಗೆ ಕಾರ್ಡಿಗೂ ಅರವತ್ತಾಯಿತು. ಅದೇ ತಿಂಗಳು ಕಂಪನಿಯವರು ರಿಟೈರ್ ಮಾಡಿಸಿದರು. ಒಂದು ಗಡಿಯಾರ ಕೊಟ್ಟರು, ಸ್ಟಾಪ್‌ವಾಚ್ ವಾಪಸ್ ಕೇಳಿದರು. ಕಳೆದುಹೋಯಿತು ಅಂತ ಹೇಳಿ ಮನೆಗೆ ತಂದರು. ಆಮೇಲೆ ಓಡುವುದೇ ಕೆಲಸ. ಕೆಲಸವಿಲ್ಲದ ಮನುಷ್ಯ ಮನೆಯಲ್ಲಿ ಕೂತು ತಲೆ ತಿನ್ನುತ್ತಾನೆ ಅಂತಾರೆ, ನಮ್ಮನೆಯವರು ಸಿಗುತ್ತಲೇ ಇರಲಿಲ್ಲ. ಓಟದ ಹಿಂದಿನ ದಿನ ನಂಬರ್ ತಂದರು. ಹಸಿರು ಪಟ್ಟಿ. ಮೇಜಿನ ಮೇಲೆ ಇಟ್ಟು, ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿದರು. ನಾನು ಅದನ್ನು ಬನಿಯನ್ನಿಗೆ ನಾಲ್ಕು ಪಿನ್ ಹಾಕಿ ಕೂರಿಸಿದೆ. ಸೊಟ್ಟಗಿದೆ ಅಂತ ಎರಡು ಸಲ ತೆಗೆಸಿದರು.

ಓಟದ ದಿನ ನಾನೂ ವಾರಗಿತ್ತಿಯೂ ಕೊನೆಯ ಗೆರೆಯ ಹತ್ತಿರ ಕಬ್ಬಿಣದ ಬೇಲಿ ಹಿಡಿದುಕೊಂಡು ನಿಂತಿದ್ದೆವು. ನನ್ನ ಕೈಚೀಲದಲ್ಲಿ ಸ್ವೆಟರು, ಬಾಳೆಹಣ್ಣು, ಅವರ ಕಾರ್ಡು. ಬಹುಮಾನ ಬಂದರೆ ಕಾರ್ಡು ತೋರಿಸಬೇಕು. ಮೈಕ್ ಹಿಡಿದವನು ಒಂದೇ ಸಮನೆ ಕೂಗುತ್ತಿದ್ದ, ಎಲ್ಲರೂ ಗೆದ್ದವರೇ ಅಂತ. ಇವರು ಕೇಳಿದ್ದರೆ ಅವನಿಗೂ ಬೈಯುತ್ತಿದ್ದರು.

ಓಟದ ಕಥೆ ಆಮೇಲೆ ಅವರೇ ಹೇಳಿದ್ದು, ಎಷ್ಟು ಸಲ ಹೇಳಿದರೋ. ಶುರುವಿನಲ್ಲೇ ಹಸಿರು ಪಟ್ಟಿಯ ಮುದುಕರನ್ನು ಗುರುತು ಹಾಕಿಕೊಂಡರು. ಗಟ್ಟಿಗರು ಐದು ಜನ. ಅದರಲ್ಲಿ ಒಬ್ಬ ತಮ್ಮ. ತಾವೇ ಮುಂದೆ ಓಡಲಿಲ್ಲ, ಅವರ ಹಿಂದೆ ಅಂಟಿಕೊಂಡು ಹೋದರು. ಅರ್ಧ ದಾರಿಯಲ್ಲಿ ಇಬ್ಬರು ಹಿಂದೆ ಬಿದ್ದರು. ಸೇತುವೆಯ ಏರಿನಲ್ಲಿ ಇನ್ನಿಬ್ಬರು ನಡೆಯಲು ಶುರು ಮಾಡಿದರು. ಏರು ಅಂದರೆ ಇವರಿಗೆ ಏನು, ಜೀವಮಾನವೆಲ್ಲ ಹತ್ತಿದ್ದೇ ಅಲ್ಲವಾ? ಅಲ್ಲಿ ತಮ್ಮನ ಪಕ್ಕಕ್ಕೆ ಬಂದರು. ಅವನು, ಹೋಗಣ್ಣಾ, ಅಂದನಂತೆ. ನೀನು ಹೇಳ್ಬೇಕಾ, ಅಂದು ಇವರು ಹೋದರು. ಅಲ್ಲಿಂದ ತಿರುಗಿ ನೋಡಲಿಲ್ಲ. ಕೊನೆಯಲ್ಲಿ ಮಂಡಿಯೊಳಗೆ ಯಾರೋ ಸ್ಕ್ರೂ ತಿರುಗಿಸುತ್ತಿದ್ದ ಹಾಗಿತ್ತಂತೆ.

ನಾನು ನೋಡಿದ್ದು ಕೊನೆಯ ನೂರು ಹೆಜ್ಜೆ. ಬಾಯಿ ತೆರೆದುಕೊಂಡು, ಒಂದು ಭುಜ ಕೆಳಗೆ ಬಿಟ್ಟುಕೊಂಡು ಬಂದರು. ನೋಡಲು ಚೆಂದ ಇರಲಿಲ್ಲ. ಎಳೆಯ ಹುಡುಗರ ನಡುವೆ ಹಸಿರು ಪಟ್ಟಿ ಅದೊಂದೇ. ಅವರ ಹಿಂದೆ ಎಷ್ಟು ಹೊತ್ತು ನೋಡಿದರೂ ಇನ್ನೊಂದು ಹಸಿರು ಕಾಣಲಿಲ್ಲ. ವಾರಗಿತ್ತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಭಾವನೇ ಅಕ್ಕಾ, ಭಾವನೇ, ಅಂದಳು. ಆಮೇಲೆ ಮೈದುನ ಬಂದ. ಎರಡನೆಯವನು.

ಗೆದ್ದರು. ನಾನು ಇದನ್ನು ಎರಡು ಸಲ ಬರೆಯುತ್ತೇನೆ. ಗೆದ್ದರು.

ವೇದಿಕೆಯ ಹಿಂದೆ ಒಂದು ಟೆಂಟ್. ಬಹುಮಾನದವರನ್ನು ಅಲ್ಲಿಗೆ ಕರೆದು ಕಾರ್ಡು ನೋಡುತ್ತಾರೆ. ಮೇಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬ ಹುಡುಗಿ. ಅವಳ ಹಿಂದೆ ಕುತ್ತಿಗೆಗೆ ಸೀಟಿ ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ. ನಾನು ಕಾರ್ಡು ಕೊಟ್ಟೆ. ಇವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಏದುಸಿರು ಬಿಡುತ್ತಿದ್ದರು. ಹುಡುಗಿ ನಗುತ್ತಾ, ಸೂಪರ್ ಅಂಕಲ್, ಎಷ್ಟು ವಯಸ್ಸು ನಿಮಗೆ, ಅಂದಳು. ಅವಳು ಕೇಳಿದ್ದು ಸುಮ್ಮನೆ, ಮಾತಿಗೆ.

"ಅರವತ್ನಾಲ್ಕು," ಅಂದರು ಇವರು.

ನಾನು ಮೊಣಕೈ ಚಿವುಟಿದೆ. ಮಾತು ಆಗಲೇ ಬಾಯಿಂದ ಬಿದ್ದಿತ್ತು.

ಹುಡುಗಿ ಕಾರ್ಡು ನೋಡಿದಳು. ಇವರ ಮುಖ ನೋಡಿದಳು. ಇನ್ನೊಂದು ಸಲ ಕಾರ್ಡು ನೋಡಿದಳು. ಕಾರ್ಡಿನಲ್ಲಿ ಅರವತ್ತು. ಕಾರ್ಡಿನಲ್ಲಿ ಎರಡು ಗದ್ದದ ದುಂಡು ಮನುಷ್ಯ. ಎದುರಿಗೆ ಕೆನ್ನೆ ಒಳಗೆ ಹೋದ, ಕುತ್ತಿಗೆ ನರ ಕಾಣುವ ಮುದುಕ. ಸೀಟಿಯವರನ್ನು ಕರೆದಳು. ಅವರು, ಇದು ನೀವೇನಾ, ಅಂದರು. ನಾನೇ, ಅಂದರು ಇವರು. ವಯಸ್ಸು? ಆಗ ಇವರು ಇರುವುದನ್ನೆಲ್ಲ ಹೇಳಲು ಶುರು ಮಾಡಿದರು. ಅಪ್ಪ, ಲಿಫ್ಟ್ ಕಂಪನಿ, ಹದಿನೆಂಟು ದಾಟಿರಬಾರದು, ನಾಲ್ಕು ವರ್ಷ. ಹೇಳಿದಷ್ಟೂ ಕೆಡುತ್ತಾ ಹೋಯಿತು. ಹಿಂದಿನ ವರ್ಷ ಯಾರೋ ಮಗ ಅಪ್ಪನ ನಂಬರ್ ಹಾಕಿಕೊಂಡು ಓಡಿ ಬಹುಮಾನ ಹೊಡೆದಿದ್ದನಂತೆ. ಆಮೇಲೆ ಗೊತ್ತಾಗಿ ಮರ್ಯಾದೆ ಹೋಗಿತ್ತಂತೆ. ಅದಕ್ಕೇ ಈ ಸಲ ಬಿಗಿ.

ನಾನು ಸುಮ್ಮನಿರಲಿಲ್ಲ. ಅರವತ್ತಾದರೂ ಅರವತ್ತರ ಮೇಲೇ, ಅರವತ್ನಾಲ್ಕಾದರೂ ಅರವತ್ತರ ಮೇಲೇ, ಯಾವ ವಯಸ್ಸು ಹಿಡಿದರೂ ಇವರೇ ಗೆದ್ದಿದ್ದು, ನಿಮಗೇನು ಕಷ್ಟ ಅಂತ ಕೇಳಿದೆ.

"ವಯಸ್ಸಿನ ಪ್ರಶ್ನೆ ಅಲ್ಲಮ್ಮ. ಓಡಿದ ಆಸಾಮಿ ಯಾರು ಅನ್ನೋದು ಪ್ರಶ್ನೆ."

ಒಂದು ವಯಸ್ಸಿದ್ದಿದ್ದರೆ ಕಪ್ ಕೊಡುತ್ತಿದ್ದರು. ಯಾವುದಾದರೂ ಒಂದು. ಎರಡಿದ್ದಿದ್ದೇ ತಪ್ಪಾಯಿತು. ನಾನು ಹೆಂಡತಿ, ನನಗೆ ಗೊತ್ತಿಲ್ಲವಾ ಅಂದೆ. ಹೆಂಡತಿ ಮಾತು ನಾವು ತೆಗೆದುಕೊಳ್ಳುವ ಹಾಗಿಲ್ಲ ಅಂದರು ಸೀಟಿಯವರು. ಅಷ್ಟರಲ್ಲಿ ಮೈದುನ ತನ್ನ ಕಾರ್ಡು ಹಿಡಿದುಕೊಂಡು ಒಳಗೆ ಬಂದ. ಸೀಟಿಯವರು ಎರಡು ಕಾರ್ಡನ್ನೂ ಪಕ್ಕಪಕ್ಕ ಇಟ್ಟರು. ತಂದೆ ಹೆಸರು ಒಂದೇ. ಅವರ ಮುಖ ಸ್ವಲ್ಪ ಸಡಿಲಾಯಿತು. ಅವರು ಕೆಟ್ಟ ಮನುಷ್ಯ ಅಲ್ಲ ಅಂತ ಈಗಲೂ ಹೇಳುತ್ತೇನೆ. ದಾರಿ ತೋರಿಸಿದ್ದು ಅವರೇ. ಎರಡನೆಯವರು ನೀವು, ಇವರು ಗೆದ್ದರೆ ನಷ್ಟ ನಿಮಗೇ, ನೀವು ಹೌದು ಅಂದರೆ ನಮ್ಮದು ತಕರಾರಿಲ್ಲ, ಅಂದರು.

"ಇವರು ನಿಮಗೆ ಏನಾಗಬೇಕು?"

"ಅಣ್ಣ," ಅಂದ ಮೈದುನ.

ಸೀಟಿಯವರು ಕಾರ್ಡು ನೋಡಿದರು. "ಕಾರ್ಡ್ ಪ್ರಕಾರ ನೀವು ಎರಡು ವರ್ಷ ದೊಡ್ಡವರು. ತಮ್ಮ ಇರಬೇಕಲ್ವಾ? ಸರಿಯಾಗಿ ಹೇಳಿ. ಇವರು ನನ್ನ ತಮ್ಮ ಅಂತ ಒಂದು ಮಾತು ಹೇಳಿಬಿಡಿ, ಮುಗೀತು."

ಮೈದುನ ಇವರ ಮುಖ ನೋಡಿದ. ಇವರು ಅವನ ಮುಖ ನೋಡುತ್ತಿದ್ದರು. ಟೆಂಟಿನ ಬಟ್ಟೆ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ನಾನು ಅವನ ಹಿಂದೆ ನಿಂತು, ತಮ್ಮ ಅನ್ನು, ಅಂತ ಕೇಳುವ ಹಾಗೆ ಹೇಳಿದೆ. ಪಿಸುಗುಟ್ಟಲಿಲ್ಲ, ಹೇಳಿದೆ.

"ಅಣ್ಣ ಸಾರ್. ನಮ್ಮಣ್ಣ," ಅಂದ.

ಅಲ್ಲಿಗೆ ಆಯಿತು. ಸೀಟಿಯವರು ಕಾರ್ಡು ವಾಪಸ್ ಕೊಟ್ಟರು. ಯಾರು ಅಂತ ರುಜುವಾತಾಗುವ ತನಕ ಇವರ ಫಲಿತಾಂಶ ತಡೆದಿರುತ್ತೇವೆ, ಪೇಪರ್ ಸರಿ ಮಾಡಿಸಿಕೊಂಡು ಬನ್ನಿ ಅಂದರು. ಕಪ್ ಅಲ್ಲಿಯ ತನಕ ಕಾಯುವುದಿಲ್ಲ. ಮೈಕಿನಲ್ಲಿ ಮೈದುನನ ಹೆಸರು ಕೂಗಿದರು. ಅವನು ಅಲ್ಲಾಡಲಿಲ್ಲ. ಮತ್ತೆ ಕೂಗಿದರು. ಕರೀತಿದಾರೆ ಹೋಗೋ, ಜನ ಕಾಯ್ತಿದಾರೆ, ಅಂದರು ಇವರು. ಅವನು ಹೋದ. ಕಪ್ ತಂದು ಇವರ ಮುಂದೆ ಹಿಡಿದ. ಇವರು ಕೈ ಹಿಂದೆ ಕಟ್ಟಿಕೊಂಡರು. ನಿನ್ನ ಹೆಸರು ಕೂಗಿದ್ದು, ನೀನಿಟ್ಕೋ.

ವಾಪಸ್ ಬರುವಾಗ ನಾಲ್ಕೂ ಜನ ಒಂದೇ ಬಸ್ಸಿನಲ್ಲಿ ಬಂದೆವು. ಕಪ್ ವಾರಗಿತ್ತಿಯ ತೊಡೆಯ ಮೇಲಿತ್ತು. ಅವಳು ಅದರ ಮೇಲೆ ಸೆರಗು ಹಾಕಿಕೊಂಡು ಕೂತಿದ್ದಳು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ಇಷ್ಟು ವರ್ಷ ಕಾದಿರಿ, ಅರವತ್ತು ಅನ್ನೋಕೆ ಏನಾಗಿತ್ತು ನಿಮಗೆ?

"ಇಪ್ಪತ್ತೊಂದು ಕಿಲೋಮೀಟರ್ ಓಡಿ ಬಂದಿದ್ದೆ ಕಣೇ. ಸುಳ್ಳು ಹುಡುಕೋಕೆ ಉಸಿರೆಲ್ಲಿತ್ತು?"

ಅಂದವರು ಬೂಟು ಬಿಚ್ಚಲು ಕೂತರು.

ಮೈದುನನ ಮೇಲೆ ನನ್ನ ಸಿಟ್ಟು ಇಳಿಯಲಿಲ್ಲ. ಇವರು ಅವನನ್ನು ಬೈಯಲು ಬಿಡಲಿಲ್ಲ. ಅವನು ಸರಿಯಾಗೇ ಹೇಳಿದ, ನಾನು ಅವನಣ್ಣ, ಇನ್ನೇನು ಹೇಳಬೇಕಿತ್ತು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಮರ್ಯಾದೆಗೆ ಅಣ್ಣ ಅಂದನೋ, ಮೂರನೇ ಕಪ್ಪಿಗೆ ಅಣ್ಣ ಅಂದನೋ, ದೇವರಿಗೇ ಗೊತ್ತು. ಒಂದು ಮಾತು. ಬರೀ ಒಂದು ಮಾತು. ಮನೆಯಲ್ಲಿ ತಮಾಷೆಗೆ ಸಾವಿರ ಸಲ ಆಡಿದ ಮಾತು. ಕೇಳುವವರು ತಾವೇ ಬಾಯಿಗೆ ಹಾಕಿಕೊಟ್ಟರೂ ಬರಲಿಲ್ಲ.

ಪೇಪರ್ ಸರಿ ಮಾಡಿಸಲು ಹೋಗಲಿಲ್ಲ. ಸರಿ ಮಾಡಿಸಿದರೆ ಕಂಪನಿಗೆ ಗೊತ್ತಾಗುತ್ತದೆ, ಪಿಂಚಣಿಗೆ ಕೈ ಹಾಕುತ್ತಾರೆ. ಹೊಸ ಫೋಟೋ ಮಾತ್ರ ಹಾಕಿಸಿದರು, ಒಂದೇ ಗದ್ದದ್ದು. ಮುಂದಿನ ವರ್ಷ ಕಾರ್ಡಿಗೆ ಅರವತ್ತೊಂದು. ಆ ಮಾತನ್ನು ಬಾಯಿಗೆ ಅಭ್ಯಾಸ ಮಾಡಿಸಲು ಕೂತರು. ಹಲ್ಲುಜ್ಜುವಾಗ ಅರವತ್ತೊಂದು. ಬೂಟಿನ ದಾರ ಕಟ್ಟುವಾಗ ಅರವತ್ತೊಂದು. ನಾನು ಇದ್ದಕ್ಕಿದ್ದ ಹಾಗೆ, ಅಡುಗೆಮನೆಯಿಂದ, ರೀ ವಯಸ್ಸೆಷ್ಟು, ಅಂತ ಕೂಗುತ್ತಿದ್ದೆ. ಮೊದಮೊದಲು ತಪ್ಪುತ್ತಿದ್ದರು. ಅರವತ್ತೈ, ಅಂದು ನಾಲಗೆ ಕಚ್ಚಿಕೊಳ್ಳುವರು. ಓಡಿ ಬಂದು ಏದುಸಿರಿನಲ್ಲಿ ಬಾಗಿಲಿಗೆ ಕಾಲಿಟ್ಟ ತಕ್ಷಣ ಕೇಳುತ್ತಿದ್ದೆ. ಟೆಂಟಿನಲ್ಲಿ ಹಾಗೇ ತಾನೇ ಕೇಳುವುದು. ಆಮೇಲೆ ಸರಿಯಾಗಿ ಬರಲು ಶುರುವಾಯಿತು. ಒಂದು ಸಲ ನಿದ್ದೆಗಣ್ಣಿನಲ್ಲಿ ಕೇಳಿದೆ, ಆಗಲೂ ಸರಿಯಾಗಿ ಹೇಳಿದರು. ನಾನೇ ನಕ್ಕುಬಿಟ್ಟೆ. ಈ ಸಲ ಗ್ಯಾರಂಟಿ ಅಂದೆ.

ಓಟಕ್ಕೆ ಮೂರು ವಾರ ಇತ್ತು. ಅವತ್ತು ಓಡಿರಲಿಲ್ಲ, ವಿಶ್ರಾಂತಿಯ ದಿನ. ಕುರ್ಚಿಯಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ಪೂರ್ತಿ ಒಂದೇ ಸುರುಳಿಯಾಗಿ ಬಿಡಿಸುವುದು ಅವರ ಅಭ್ಯಾಸ. ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಹಣ್ಣು ನೆಲದ ಮೇಲಿತ್ತು. ಮೆದುಳಿನ ನರ ಒಡೆದಿದೆ ಅಂದರು ಡಾಕ್ಟರು. ಬಂದವರೆಲ್ಲ ಓಡಿ ಓಡಿ ಸತ್ತರು ಅಂದರು. ಓಡಿ ಸಾಯಲಿಲ್ಲ. ಕೂತಿದ್ದಾಗ ಸತ್ತರು. ಇದನ್ನು ಎಷ್ಟು ಜನಕ್ಕೆ ಹೇಳಿದರೂ ತಲೆಗೆ ಹೋಗುವುದಿಲ್ಲ.

ಮರಣದ ಪತ್ರ ಮಾಡಿಸಲು ಕಚೇರಿಗೆ ಹೋಗಬೇಕಿತ್ತು. ನನ್ನ ಕೈಯಲ್ಲಿ ಆಗಲಿಲ್ಲ, ಮೈದುನ ಜೊತೆಗೆ ಬಂದ. ಉದ್ದದ ಬೆಂಚು, ಗೋಡೆಗೆ ಒರಗಿ ಒರಗಿ ತಲೆಗಳ ಎಣ್ಣೆ ಗುರುತು. ನಮ್ಮ ಸರದಿ ಬಂದಾಗ ಗಾಜಿನ ಹಿಂದೆ ಕೂತಿದ್ದ ಹೆಂಗಸು ಇವರದ್ದೂ ಮೈದುನನದ್ದೂ ಕಾರ್ಡು ಕೇಳಿದಳು. ಕೆಳಗಿನ ಕಿಂಡಿಯಿಂದ ತಳ್ಳಿದೆವು. ಅವಳೂ ಪಕ್ಕಪಕ್ಕ ಇಟ್ಟು ನೋಡಿದಳು. ನನಗೆ ಟೆಂಟು ನೆನಪಾಯಿತು. ಇವನು ಈಗ ಅಣ್ಣ ಅನ್ನುತ್ತಾನೆ, ಇವಳು ತಕರಾರು ತೆಗೆಯುತ್ತಾಳೆ, ಸತ್ತ ಮೇಲೂ ಇವರನ್ನು ಯಾರು ಅಂತ ಕೇಳುತ್ತಾರೆ ಅಂದುಕೊಂಡೆ.

"ತೀರಿಕೊಂಡವರು ನಿಮಗೆ ಏನಾಗಬೇಕು?"

"ತಮ್ಮ ಮೇಡಂ," ಅಂದ ಮೈದುನ. "ನನ್ನ ತಮ್ಮ."

ತಡವರಿಸಲಿಲ್ಲ. ಕೆಮ್ಮಲಿಲ್ಲ. ಅವಳು ತಲೆ ಎತ್ತದೇ ಬರೆದುಕೊಂಡಳು. ವಯಸ್ಸು ಅರವತ್ತೊಂದು ಅಂತ ಅವಳೇ ಓದಿ ಅವಳೇ ಬರೆದಳು. ಸೀಲು ಹೊಡೆದಳು. ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಇಷ್ಟು ಬೇಗ ಆಯಿತಾ ಅಂತ ಆಶ್ಚರ್ಯ.

ಬಸ್ ಸ್ಟಾಪಿಗೆ ನಡೆದೆವು. ಪತ್ರ ನನ್ನ ಕೈಚೀಲದಲ್ಲಿತ್ತು, ಸ್ವೆಟರು ಇಟ್ಟುಕೊಂಡಿದ್ದ ಅದೇ ಚೀಲ. ಅಲ್ಲಿ ನಿಂತ ಮೇಲೆ ತಡೆಯಲಾಗಲಿಲ್ಲ.

"ಈ ಮಾತು ಅವತ್ತು ಎಲ್ಲಿ ಹೋಗಿತ್ತು ನಿನಗೆ?"

ಅವನಿಗೆ ಯಾವತ್ತು ಅಂತ ಕೇಳುವ ಅಗತ್ಯ ಇರಲಿಲ್ಲ. ರಸ್ತೆ ನೋಡುತ್ತಾ ನಿಂತ. ವ್ಯಾನ್ ಓಡಿಸಿ ಓಡಿಸಿ ಅವನ ಬಲಗೈ ಎಡಗೈಗಿಂತ ಕಪ್ಪು. ಆ ಕೈಯಲ್ಲಿ ಮುಖ ಒರೆಸಿಕೊಂಡ.

"ಅವತ್ತು ಎದುರಿಗೆ ನಿಂತಿದ್ದ, ಅತ್ತಿಗೆ. ನನ್ನೇ ನೋಡ್ತಿದ್ದ. ಅಣ್ಣನ ಮುಖ ನೋಡ್ಕೊಂಡು ತಮ್ಮ ಅಂತ ಹೇಗನ್ನಲಿ? ಅಂದಿದ್ರೆ ಅಲ್ಲೇ ಕೆನ್ನೆಗೆ ಬಿಡ್ತಿದ್ದ."

"ಹೊಡೆಸ್ಕೋಬೇಕಿತ್ತು," ಅಂದೆ.

ಅವನು ಹೌದು ಅನ್ನುವ ಹಾಗೆ ತಲೆ ಆಡಿಸಿದ. ಬಸ್ ಬಂತು. ಅವನು ಪಕ್ಕಕ್ಕೆ ಸರಿದು ನನ್ನನ್ನು ಮೊದಲು ಹತ್ತಲು ಬಿಟ್ಟ.